ಕೊಸರಿಲ್ಲದ ಆಟ

ನಮ್ಮತ್ತೆಯ ಬಲಗೈ ಎಲೆ ಎಣಿಸುವುದನ್ನು ಮೊದಲ ಸಲ ನೋಡಿದಾಗ ನಾನು ಸವಣೂರಿಗೆ ಸೊಸೆಯಾಗಿ ಬಂದು ಮೂರು ದಿನವಾಗಿತ್ತು. ಪಡಸಾಲೆಯಲ್ಲಿ ಒದ್ದೆ ಗೋಣಿತಾಟು ಹಾಸಿ, ತೋಟದಿಂದ ಬಂದ ವೀಳ್ಯದೆಲೆಯನ್ನು ರಾಶಿ ಹಾಕಿಕೊಂಡು ಕೂತಿದ್ದರು. ಬಾಯಲ್ಲಿ ಓಣಿಯ ಸುದ್ದಿ, ಕಣ್ಣು ಬಾಗಿಲ ಕಡೆ. ಕೈ ಮಾತ್ರ ತನ್ನಷ್ಟಕ್ಕೆ ತಾನು ತೊಟ್ಟುಗಳನ್ನು ಒಂದೇ ಕಡೆ ಮಾಡಿ, ಎಲೆಯ ಮೇಲೆ ಎಲೆ ಕೂರಿಸುತ್ತ ಹೋಗಿ, ನೂರಾದ ಕೂಡಲೇ ನಿಲ್ಲುತ್ತಿತ್ತು. ನಿಂತದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಇನ್ನೂ ಐದು ಎಲೆ ಎತ್ತಿ ಮೇಲಿಟ್ಟು, ಬಾಳೆಯ ನಾರು ಸುತ್ತಿ ಒಂದು ಗಂಟು. ನೂರರ ಕಟ್ಟಿಗೆ ಆ ಐದು ಯಾಕೆ ಎಂದು ಕೇಳಿದೆ. ಕೊಸರು ಎಂದರು. ಇಷ್ಟು ಓದಿದ ಹುಡುಗಿಗೆ ಇದು ಗೊತ್ತಿಲ್ಲವೇ ಎಂಬಂತೆ ನನ್ನ ಮುಖ ನೋಡಿದರು.

ಗೊತ್ತಿತ್ತು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ತೂಕ ಮುಗಿದು, ರೊಕ್ಕ ಕೈ ದಾಟಿದ ಮೇಲೆ ಮಾರುವವರು ತಾವಾಗಿ ಎತ್ತಿ ಹಾಕುವ ಒಂದು ಚೂರು ಹೆಚ್ಚಿಗೆ. ಬದನೆಕಾಯಿಯ ಮೇಲೆ ನಾಲ್ಕೆಳೆ ಕೊತ್ತಂಬರಿ. ಸವಣೂರಿನ ಖಾರದ ಅಂಗಡಿಯಲ್ಲಿ ಪೊಟ್ಟಣಕ್ಕೆ ದಾರ ಸುತ್ತುವ ಮೊದಲು ಬೀಳುವ ಇನ್ನೊಂದು ಚಿಟಿಕೆ. ಆದರೆ ತವರೂರು ಹಾನಗಲ್ಲಿನಲ್ಲಿ ನನ್ನ ಅವ್ವ ಸಂತೆಯಲ್ಲಿ ಕೊಸರಿಗಾಗಿ ಸೆರಗು ಹಿಡಿದು ನಿಂತರೆ ನಾನು ನಾಚಿಕೊಂಡು ಎರಡು ಅಂಗಡಿ ಆಚೆ ಹೋಗಿ ನಿಲ್ಲುತ್ತಿದ್ದೆ. ನಾನು ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಅಚ್ಚಾದ ಬೆಲೆ ಕೊಡಬೇಕು, ಥ್ಯಾಂಕ್ಯೂ ಹೇಳಬೇಕು, ಬರಬೇಕು ಎಂದು ಅವರು ಕಲಿಸಿದ್ದರು. ಇವತ್ತಿಗೂ ನನಗೆ ಚೌಕಾಶಿ ಬರುವುದಿಲ್ಲ. ಬೆಲೆ ಕೇಳುವಾಗಲೇ ನನ್ನ ದನಿ ಇಳಿಯುತ್ತದೆ.

ಹೋದ ವರ್ಷ ಶ್ರಾವಣದಲ್ಲಿ ಅತ್ತೆ ತೋಟದ ಬದುವಿನ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಶಿಗ್ಗಾವಿಯ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿದರು. ಆರು ವಾರದ ಮೇಲೆ ಬಿಚ್ಚಿದಾಗ ಮೂಳೆ ಚೆನ್ನಾಗಿ ಕೂಡಿತ್ತು, ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ. ಆ ಕೈ ಮೊಣಕಾಲ ಮೇಲೆ ಯಾರೋ ಮರೆತು ಬಿಟ್ಟು ಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಚುಕಲು ಹೇಳಿದರು. ಎರಡು ದಿನ ಹಿಚುಕಿದರು. ಮೂರನೆಯ ದಿನ ಚೆಂಡು ಅಟ್ಟದ ಮೇಲಿತ್ತು.

"ನಿಂಬಿಹಣ್ಣ ಹಿಂಡಿದ್ರ ರಸಾನರ ಬರ್ತೇತಿ," ಎಂದರು. "ಇದನ್ನ ಹಿಂಡಿದ್ರ ಏನ ಬರ್ತೇತವಾ?"

ಕೆಲಸವಿಲ್ಲದ ಕೆಲಸ ಅವರ ಕೈಗೆ ಹತ್ತುವುದಿಲ್ಲ. ಅದನ್ನು ಮೊದಲು ಅರಿತದ್ದು ನಾನಲ್ಲ, ನನ್ನ ಮಗಳು. ಅವಳು ಸವಣೂರಿನಿಂದ ದಿನಾ ಬಸ್ಸಿನಲ್ಲಿ ಶಿಗ್ಗಾವಿಯ ಕಾಲೇಜಿಗೆ ಹೋಗಿ ಬರುತ್ತಾಳೆ. ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲಿ ಗೆಳತಿಯೊಬ್ಬಳ ಅಣ್ಣನಿಂದ ಒಂದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಕೊಂಡಿದ್ದಳು. ಟಿವಿಗೆ ಸಿಕ್ಕಿಸಿ, ಎರಡು ಕೈಯಲ್ಲಿ ಹಿಡಿಯುವ ಗುಂಡಿಗಳ ಹಿಡಿಕೆಯಿಂದ ಆಡುವುದು. ಜೊತೆಗೆ ಎಂಟು ನೂರು ರೂಪಾಯಿಗೆ ಕೊಂಡ, ಯಾರೋ ಆಡಿ ಬಿಟ್ಟ ಒಂದು ಡಿಸ್ಕು. ಒಂದು ಮಧ್ಯಾಹ್ನ ಆ ಹಿಡಿಕೆಯನ್ನು ಅತ್ತೆಯ ಕೈಗಿಟ್ಟು, ಬಲ ಹೆಬ್ಬೆರಳಿನಿಂದ ಮೇಲೆದ್ದ ಈ ಗುಬ್ಬಿಯನ್ನು ಮೆಲ್ಲಗೆ ತಿರುವು ಆಯಿ ಎಂದಳು. ತಿರುವಿದರು. ಟಿವಿಯೊಳಗೆ ಒಂದು ದೋಣಿ ಹೊರಳಿತು.

ಅದು ದೋಣಿಯಲ್ಲಿ ವ್ಯಾಪಾರ ಮಾಡುವ ಒಬ್ಬ ಹೆಂಗಸಿನ ಆಟ. ಒಂದು ದ್ವೀಪದ ಉಪ್ಪನ್ನು ಇನ್ನೊಂದಕ್ಕೆ ಒಯ್ಯಬೇಕು, ಅಲ್ಲಿಯ ಬೀಜವನ್ನು ಮತ್ತೊಂದಕ್ಕೆ. ಗಾಳಿ ನೋಡಿ ಹಾಯಿ ತಿರುಗಿಸಬೇಕು, ಹಗ್ಗ ಬಿಗಿಯಬೇಕು. ಅತ್ತೆ ಸಮುದ್ರವನ್ನೇ ನೋಡಿದವರಲ್ಲ. ಆದರೆ ಸರಕು ಕೆಡುವ ಮೊದಲು ಊರು ಮುಟ್ಟಿಸಬೇಕೆಂಬ ತಳಮಳ ಅವರಿಗೆ ಹೊಸದೇ? ನಮ್ಮ ಮನೆಯವರು ಹಾನಗಲ್ಲು, ಹಿರೇಕೆರೂರಿನ ಪಾನ್ ಅಂಗಡಿಗಳಿಗೆ ಎಲೆ ಒಯ್ಯುವಾಗ ಬಸ್ಸು ತಡವಾದರೆ ಇವರು ಇಲ್ಲಿ ಕೂತಲ್ಲೇ ಚಡಪಡಿಸುವವರು. ಆ ಹೆಂಗಸಿಗೆ ದೋಣ್ಯಾಕಿ ಎಂದು ಹೆಸರಿಟ್ಟರು.

ಪರದೆಯ ಮೇಲೆ ಮಾತೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮಗಳು ಕಾಲೇಜಿಗೆ ಹೋದ ಮೇಲೆ ಓದಿ ಹೇಳುವ ಕೆಲಸ ನನ್ನದು. ಒಗ್ಗರಣೆ ಹಾಕಿ, ಗ್ಯಾಸು ಸಣ್ಣ ಮಾಡಿ ಬಂದು ಓದುತ್ತಿದ್ದೆ. ಕಾನ್ವೆಂಟಿನ ಇಂಗ್ಲಿಷು ಇಪ್ಪತ್ತೆರಡು ವರ್ಷದಲ್ಲಿ ಗ್ಯಾಸಿನ ಪುಸ್ತಕ ಮತ್ತು ಔಷಧದ ಚೀಟಿ ಓದುವುದನ್ನು ಬಿಟ್ಟರೆ ಹೆಚ್ಚೇನೂ ಮಾಡಿರಲಿಲ್ಲ. ಈಗ ಅದು ದ್ವೀಪದ ಮುದುಕನೊಬ್ಬನ ಮಾತನ್ನು ಧಾರವಾಡದ ಕಡೆಯ ಕನ್ನಡಕ್ಕೆ ತರುತ್ತಿತ್ತು. ಓದುತ್ತ ಓದುತ್ತ ನಾನೂ ನೋಡತೊಡಗಿದೆ. ಎಂಥ ಕುಸುರಿ ಅದರಲ್ಲಿ! ಮಳೆ ಬಂದರೆ ದೋಣಿಯ ಹಲಗೆಯ ಬಣ್ಣ ಕಪ್ಪಾಗುತ್ತಿತ್ತು, ಬಿಸಿಲಿಗೆ ಅಂಚಿನಿಂದ ಒಳಕ್ಕೆ ಒಣಗುತ್ತಿತ್ತು. ನಮ್ಮ ಅಂಗಳದ ಕಲ್ಲು ಒಣಗುವುದೂ ಹಾಗೆಯೇ. ಇದನ್ನು ಯಾರೋ ಎಲ್ಲೋ ಕೂತು ನೋಡಿ, ಮರೆಯದೆ ಮಾಡಿದ್ದರಲ್ಲ ಎನಿಸಿತು.

ಎರಡು ತಿಂಗಳಲ್ಲಿ ಹೆಬ್ಬೆರಳು ಸಡಿಲವಾಯಿತು. ತೋರುಬೆರಳು ಗುಂಡಿ ಒತ್ತುವುದು ಕಲಿಯಿತು. ಒಂದು ಬೆಳಿಗ್ಗೆ ಚಹಾದ ಕಪ್ಪನ್ನು ಬಲಗೈಯಿಂದ ಎತ್ತಿದರು. ನಾನು ನೋಡಿಯೂ ನೋಡದಂತೆ ಇದ್ದೆ, ನೋಡಿದರೆ ಕೈ ನಡುಗೀತು ಎಂದು.

ಆಟ ಮುಗಿದ ದಿನ ಒಂದು ಸಂಗತಿ ಆಯಿತು. ಕೊನೆಗೆ ಪರದೆಯ ಮೇಲೆ ಹೆಸರುಗಳ ಪಟ್ಟಿ ಹರಿಯತೊಡಗಿತು, ಮಗಳು ಅದನ್ನು ದಾಟಿಸಲು ಹೋದಳು. ಅತ್ತೆ ತಡೆದರು. ಇವು ಯಾರ ಹೆಸರು ಎಂದು ಕೇಳಿದರು. ಆಟ ಮಾಡಿದವರದು ಎಂದೆ. ಓದು ಎಂದರು. ನೀರು ಬಿಡಿಸಿದವರು, ಗಾಳಿಯ ಸದ್ದು ಮಾಡಿದವರು, ಹಗ್ಗದ ಗಂಟು ನೋಡಿಕೊಂಡವರು, ಲೆಕ್ಕ ಬರೆದವರು. ನನ್ನ ಗಂಟಲು ಒಣಗಿತು, ಹೆಸರು ಮುಗಿಯಲಿಲ್ಲ. ಕಟ್ಟಕಡೆಗೆ ಒಂದು ಪುಟ್ಟ ಪಟ್ಟಿ ಬಂತು: ಈ ಆಟ ತಯಾರಾಗುತ್ತಿದ್ದಾಗ ಅದನ್ನು ಮಾಡುವವರ ಮನೆಗಳಲ್ಲಿ ಹುಟ್ಟಿದ ಕೂಸುಗಳ ಹೆಸರು. ಹನ್ನೊಂದು ಇದ್ದವು. ಅತ್ತೆ ಹಿಡಿಕೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಪರದೆಗೆ ದೃಷ್ಟಿ ತೆಗೆದು ಲಟಿಕೆ ಮುರಿದರು. ಬಲಗೈಯ ಲಟಿಕೆ ಸರಿಯಾಗಿ ಸದ್ದು ಮಾಡಲಿಲ್ಲ. "ಹನ್ನೊಂದು ಬಾಣಂತನ ಮಾಡ್ಕೊಂತ ಇದನ್ನ ಮಾಡ್ಯಾರ," ಎಂದರು.

ಆಟ ಮುಗಿದದ್ದೇ ಕೈ ಮತ್ತೆ ಮೊಣಕಾಲ ಮೇಲೆ ಬಂದು ಕೂತಿತು. ಬೇರೆ ಡಿಸ್ಕು ಹಾಕಿಕೊಟ್ಟರೆ ಬೇಡವೆಂದರು. ಒಂದರಲ್ಲಿ ಬಂದೂಕು, ಇನ್ನೊಂದರಲ್ಲಿ ಮೋಟಾರು. ಮುಂದಿನ ಸಲ ಡಾಕ್ಟರು ಬೆರಳು ಮಡಚಿಸಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಇನ್ನೆರಡು ಮೂರು ತಿಂಗಳಲ್ಲಿ ಎಷ್ಟು ಸಡಿಲವಾಗುತ್ತದೋ ಅಷ್ಟೇ, ಆಮೇಲೆ ಇದ್ದ ಹಾಗೆ ಇದ್ದುಬಿಡುತ್ತದೆ. ಕಪ್ಪು ಎತ್ತುವ ಕೈಯಿಂದ ರೊಟ್ಟಿ ಬಡಿಯಲಾಗುವುದಿಲ್ಲ. ಎಲೆಯ ಕಟ್ಟಿಗೆ ಗಂಟು ಹಾಕಲಂತೂ ಆಗುವುದೇ ಇಲ್ಲ.

ಅದೇ ಹೊತ್ತಿಗೆ ದೋಣ್ಯಾಕಿಯ ಎರಡನೆಯ ಭಾಗ ಬಂದಿತ್ತು. ಶಿಗ್ಗಾವಿ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು ಹುಬ್ಬಳ್ಳಿಯಿಂದ ಒಂದು ತರಿಸಿಟ್ಟಿದ್ದಾನೆ ಎಂದು ಮಗಳು ಹೇಳಿದಳು. ಬೆಲೆ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ನಾನು ಮನಸ್ಸಿನಲ್ಲೇ ತಿಂಗಳ ಕಿರಾಣಿಯ ಲೆಕ್ಕ ಹಾಕಿದೆ. ಅತ್ತೆಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಬೆಲೆ ಕೇಳಿ ಹೆದರುವ ಪೈಕಿ ಅಲ್ಲ ಅವರು; ಬೆಲೆ ಅವರಿಗೆ ಮಾತಿನ ಶುರು. ಡಾಕ್ಟರ ಹತ್ತಿರದಿಂದ ನೇರ ಅಂಗಡಿಗೇ ನಡೆ ಎಂದರು.

ಅಂಗಡಿಯವನು ಮೂವತ್ತರ ಹತ್ತಿರದವನು, ಕಣ್ಣಿಗೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಮೊಬೈಲು ಬಿಚ್ಚುತ್ತಿದ್ದ. ಅತ್ತೆ ಸ್ಟೂಲಿನ ಮೇಲೆ ಕೂತು ಡಿಸ್ಕಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎರಡು ಸಾವಿರದಿಂದ ಶುರು ಮಾಡಿದರು. ಅವನು ನಯವಾಗಿ, ಬೆಲೆ ಮೇಲಿಂದಲೇ ಅಚ್ಚಾಗಿ ಬರುತ್ತದೆ, ತನ್ನ ಕೈಯಲ್ಲಿಲ್ಲ ಎಂದ. ಅತ್ತೆ ತಲೆಯಾಡಿಸಿದರು. ಎಷ್ಟು ಮಂದಿ ಮಾಡಿದ್ದಾರೆಂದು ನನಗೂ ಗೊತ್ತು, ಪಟ್ಟಿ ಓದಿಸಿ ಕೇಳಿದ್ದೇನೆ, ಅಷ್ಟು ಮಂದಿಯ ಕೂಲಿ ಬೀಳಬೇಕಲ್ಲ ಎಂದು ಅವನ ಪರವಾಗಿ ತಾವೇ ಹೇಳಿದರು. ಇಷ್ಟು ಬೇಗ ಸೋತರೇ ಎಂದು ನಾನು ಆಶ್ಚರ್ಯಪಡುವಷ್ಟರಲ್ಲಿ ನಿಜವಾದ ಮಾತು ಬಂತು.

"ಆಗಲಿ ತಮ್ಮಾ, ಬೆಲಿ ಅವರದ. ಕೊಸರು ಏನ ಕೊಡ್ತಿ?"

ಅವನು ನಕ್ಕ. ಆಮೇಲೆ, ತಿಳಿಯದೆ, ಮಾಡಬಾರದ ತಪ್ಪೊಂದನ್ನು ಮಾಡಿದ. ಇದರಲ್ಲಿ ಇನ್ನೊಂದು ಹೆಚ್ಚಿನ ದ್ವೀಪ ಇದೆ ಅವ್ವಾರ, ಅದು ಬೇಕಾದರೆ ಬೇರೆ ಹದಿಮೂರು ನೂರು ಆಗುತ್ತದೆ ಎಂದ.

ಅತ್ತೆ ಡಬ್ಬಿಯನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟರು. "ಕೊಸರಿಗೂ ರೊಕ್ಕಾ ತಗೊಂತಾರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದರು.

ನಾವು ಹೊರಗೆ ಬಂದೆವು. ಅತ್ತೆ ಬೇಕೆಂದೇ ಸಾವಕಾಶ ನಡೆಯುತ್ತಿದ್ದರು. ಎಡಗೈಯಿಂದ ಸೆರಗು ಸರಿಮಾಡಿಕೊಂಡರು, ಚಪ್ಪಲಿಯ ಧೂಳು ಝಾಡಿಸಿದರು, ಪಕ್ಕದ ಅಂಗಡಿಯ ಬಕೆಟ್ಟು ನೋಡಿದರು. ಸಂತೆಯಲ್ಲಿ ಹೀಗೆಯೇ. ಹತ್ತು ಹೆಜ್ಜೆಯೊಳಗೆ ಹಿಂದಿನಿಂದ ಬರ್ರಿ ಅವ್ವಾರ ಎಂದು ಕೂಗು ಬರಬೇಕು. ಹನ್ನೆರಡಾಯಿತು, ಇಪ್ಪತ್ತಾಯಿತು. ತಿರುಗಿ ನೋಡುವುದು ಸಂತೆಯ ನಡಾವಳಿ ಅಲ್ಲವಾದ್ದರಿಂದ ನಾನೇ ನೋಡಿದೆ. ಅವನು ಬಾಗಿಲಲ್ಲಿ ನಿಂತಿದ್ದ, ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡು. ಕರೆಯಬೇಕೆಂಬ ಮನಸ್ಸು ಮುಖದ ಮೇಲೆ ಕಾಣುತ್ತಿತ್ತು. ಏನೆಂದು ಕರೆಯಬೇಕು ಎಂಬುದು ಗೊತ್ತಿದ್ದಂತಿರಲಿಲ್ಲ.

ಮನೆಯಲ್ಲಿ ಇದರ ಮೇಲೆ ಒಂದು ವಾರ ಮಾತು ನಡೆಯಿತು. ಮಗಳು ಅಜ್ಜಿಗೆ ತಿಳಿಸಿ ಹೇಳಿದಳು: ಹೊಸ ಆಟ ಮೊದಮೊದಲು ಇಷ್ಟಿರುತ್ತದೆ, ಆರು ತಿಂಗಳು ಕಾದರೆ ಅರ್ಧಕ್ಕೆ ಇಳಿಯುತ್ತದೆ. ಅತ್ತೆಗೆ ಅದು ಅರ್ಥವೇ ಆಗಲಿಲ್ಲ. ಎಲೆ ಸಂಜೆಗೆ ಅಗ್ಗವಾಗುವುದು ಬಾಡುತ್ತದೆ ಎಂದು. ಇದು ಬಾಡುತ್ತದೆಯೇ? ಆರು ತಿಂಗಳಿಗೆ ಆ ನೀರಿನ ಬಣ್ಣ ಕಡಿಮೆಯಾಗುತ್ತದೆಯೇ? ಬಾಡದ ಸರಕಿನ ಬೆಲೆ ಇಳಿಸುತ್ತಾರೆಂದರೆ ಇವತ್ತು ಕೊಂಡವರು ಅವರಿಗೇನು ಅನ್ಯಾಯ ಮಾಡಿದ್ದರು? ಮಗಳು, ಇವತ್ತು ಕೊಂಡವರಿಂದಲೇ ಮಾಡಿದವರಿಗೆ ಮೊದಲ ಸಂಬಳ, ಮುಂದಿನ ಆಟಕ್ಕೆ ಧೈರ್ಯ ಎಂದಳು. ಅದು ಅತ್ತೆಗೆ ಹಿಡಿಸಿತು. ಹಾಗಾದರೆ ಬೆಲೆ ಸರಿ, ಕೊಸರು ಮಾರುವುದು ಮಾತ್ರ ಸರಿಯಲ್ಲ ಎಂದು ತೀರ್ಮಾನ ಕೊಟ್ಟರು.

ನಮ್ಮ ಮನೆಯವರು ಊಟದ ನಡುವೆ, ಐದು ಸಾವಿರದ್ದೇನು ದೊಡ್ಡ ಮಾತು, ಔಷಧಿಗೆ ಅದಕ್ಕಿಂತ ಹೆಚ್ಚು ಹೋಗಿದೆ, ನಾಳೆ ತರುತ್ತೇನೆ ಎಂದರು. ಅತ್ತೆ ಎಡಗೈಯಲ್ಲಿ ಹಿಡಿದ ಚಮಚೆಯನ್ನು ಕೆಳಗಿಟ್ಟರು.

"ನನ್ನ ಕೈ ಸಲುವಾಗಿ ಅಂತ ತರಬ್ಯಾಡಪ. ಕೊಸರು ಕೊಡದವನ ಸರಕ ನಾ ಮುಟ್ಟಾಕಿ ಅಲ್ಲ."

ಇದು ಹಟವಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಐವತ್ತು ವರ್ಷ ಪ್ರತಿ ನೂರಕ್ಕೆ ಐದು ಎಲೆ ಮೇಲಿಟ್ಟ ಕೈ ಅದು. ಬೆಳೆ ಕೆಟ್ಟ ವರ್ಷವೂ ಇಟ್ಟಿದೆ. ಆದರೂ ನನಗೆ ತಡೆಯಲಾಗಲಿಲ್ಲ. ದಿನಗಳು ಹೋಗುತ್ತಿದ್ದವು, ಡಾಕ್ಟರು ಹೇಳಿದ ಎರಡು ಮೂರು ತಿಂಗಳಲ್ಲಿ ಒಂದು ಕರಗುತ್ತ ಬಂದಿತ್ತು. ಒಂದು ದಿನ ನನ್ನ ಡಬ್ಬಿಯ ದುಡ್ಡು ತೆಗೆದು ಪರ್ಸಿನಲ್ಲಿಟ್ಟುಕೊಂಡೆ. ಡಿಸ್ಕು ತಂದು, ಬೆಲೆಯ ಚೀಟಿ ಕಿತ್ತು, ಎರಡು ಸಾವಿರಕ್ಕೆ ಕೊಟ್ಟ, ಜೊತೆಗೆ ದ್ವೀಪವನ್ನೂ ಬಿಟ್ಟಿ ಕೊಟ್ಟ ಎಂದು ಹೇಳುವುದು. ಸಿಸ್ಟರುಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಚಪ್ಪಲಿಯನ್ನೂ ಮೆಟ್ಟಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಎಲೆ ಎಣಿಸುತ್ತಿದ್ದರು, ಗಟ್ಟಿಯಾಗಿ, ಮಕ್ಕಳು ಮಗ್ಗಿ ಹೇಳುವ ಹಾಗೆ. ಬಲಗೈ ನೆಟ್ಟಗಿದ್ದಾಗ ಬಾಯಿಗೆ ಎಣಿಸುವ ಕೆಲಸವೇ ಇರಲಿಲ್ಲ. ಎಪ್ಪತ್ತರ ಹತ್ತಿರ ತಪ್ಪಿತು, ಮತ್ತೆ ಒಂದರಿಂದ ಹಿಡಿದರು. ಎಣಿಕೆಯಲ್ಲಿ ಇಷ್ಟು ನಿಯತ್ತಿರುವವರಿಗೆ ಬೆಲೆಯಲ್ಲಿ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದೆ.

ಅದಾಗಿ ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳು ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಅಜ್ಜಿಯ ಹತ್ತಿರ ಹೋದಳು. ಅಂಗಡಿಯವನು ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡು ಕರೆದನಂತೆ. ಅವನ ಅವ್ವ ಬಂಕಾಪುರದ ಸಂತೆಯಲ್ಲಿ ಸೊಪ್ಪು ಮಾರುವವರು. ಹೀಗೊಬ್ಬ ಮುದುಕಿ ಕೊಸರು ಕೇಳಿ ಎದ್ದು ಹೋದಳು ಎಂದು ಇವನು ನಗೆಮಾತಿಗೆ ಹೇಳಿದ್ದಾನೆ. ಅವರು ನಗಲಿಲ್ಲ. ಹಿಂದಿನಿಂದ ಕರೆದೆಯೋ ಇಲ್ಲವೋ ಎಂದು ಕೇಳಿದ್ದಾರೆ. ಬೆಲೆ ಅಚ್ಚಾಗಿ ಬಂದಿರುತ್ತದೆ, ಏನೆಂದು ಕರೆಯಲಿ ಎಂದಿದ್ದಾನೆ. ಬೆಲೆ ಅಚ್ಚು ಹಾಕಿದರೆ ಹಾಕಲಿ, ಕೊಸರು ಅಂಗಡಿಕಾರನ ಕೈಯೊಳಗಿನದಲ್ಲವೇ, ಅದನ್ನು ಯಾರು ಅಚ್ಚು ಹಾಕಿದ್ದಾರೆ ಎಂದು ಮಗನನ್ನು ಝಾಡಿಸಿದ್ದಾರೆ. ಆಯಿಯನ್ನು ಕರೆದುಕೊಂಡು ಬಾ ತಂಗಿ ಎಂದು ಅವನು ಹೇಳಿ ಕಳಿಸಿದ್ದ.

ಹತ್ತು ಹೆಜ್ಜೆಯೊಳಗೆ ಬರಬೇಕಾದ ಕೂಗು ಸವಣೂರಿನವರೆಗೆ ಬಂದಿತ್ತು. ಅತ್ತೆ ಮರುದಿನ ಇಳಕಲ್ ಸೀರೆ ತೆಗೆಯಲು ಹೇಳಿದರು.

ಅಂಗಡಿಯಲ್ಲಿ ಅವನು ಸ್ಟೂಲು ಒರೆಸಿ ಕೂರಿಸಿದ. ಡಬ್ಬಿ ತೆಗೆದಿಟ್ಟ. ಬೆಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅತ್ತೆ ಸೊಂಟದ ಸಂಚಿಯಿಂದ ತಮ್ಮ ಎಲೆಯ ದುಡ್ಡು ತೆಗೆದು ಪೂರಾ ಕೊಟ್ಟರು. ಅವನು ಅದನ್ನು ಗಲ್ಲೆಗೆ ಹಾಕಿದ. ಹಾಕಿದ ಮೇಲೆ ಗೂಡಿನಿಂದ ಒಂದು ಚಿಕ್ಕ ಚೀಲ ತೆಗೆದು ಡಬ್ಬಿಯ ಮೇಲಿಟ್ಟ. ಅದರಲ್ಲಿ ಎರಡು ರಬ್ಬರಿನ ಟೋಪಿ, ಗುಂಡಿಯಷ್ಟು ಸಣ್ಣವು. ಅತ್ತೆ ಒಂದನ್ನು ಎತ್ತಿ ತಮ್ಮ ಹೆಬ್ಬೆರಳ ತುದಿಗೆ ಹಾಕಿಕೊಂಡು ನೋಡಿದರು. ಅವನು ನಗು ತಡೆದುಕೊಂಡು, ಇದು ಬೆರಳಿಗಲ್ಲ, ಹಿಡಿಕೆಯ ಗುಬ್ಬಿಗೆ ಎಂದ.

"ನಿಮ್ಮ ಹೆಬ್ಬಟ್ಟ ಜಾರಬಾರದಂತ ಇಟ್ಟೇನ್ರಿ ಅವ್ವಾರ. ಇದಕ್ಕ ರೊಕ್ಕಾ ಇಲ್ಲ."

ಅತ್ತೆ ಆ ಚೀಲವನ್ನು ಸಂಚಿಯೊಳಗೆ, ಅಡಿಕೆಯ ಪಕ್ಕ ಇಟ್ಟುಕೊಂಡರು. ಡಿಸ್ಕಿನ ಡಬ್ಬಿ ನನ್ನ ಕೈಗೆ ಬಂತು. ಅವನ ಅವ್ವನ ಸೊಪ್ಪಿನ ಅಂಗಡಿ ಸಂತೆಯ ಯಾವ ಕಡೆ ಎಂದು ವಿಚಾರಿಸಿಕೊಂಡೇ ಎದ್ದರು.

ಹೊಸ ಆಟ ಹಳೆಯದಕ್ಕಿಂತ ದೊಡ್ಡದು, ಚೆಲುವಾದದ್ದು. ದೋಣ್ಯಾಕಿಗೆ ಈಗ ಕಿವಿಯ ಹತ್ತಿರ ಎರಡು ನರೆಗೂದಲು ಬಂದಿವೆ. ಮಾಡಿದವರು ಅದನ್ನೂ ಮರೆತಿಲ್ಲ. ಗಂಟುಗಳು ಹೆಚ್ಚು ಕಷ್ಟ. ಎರಡು ಬೆರಳು ಒತ್ತಿ ಹಿಡಿದು ಹೆಬ್ಬೆರಳು ಸುತ್ತಬೇಕು. ರಬ್ಬರಿನ ಟೋಪಿ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಿದ್ದರು. ಹದಿಮೂರು ನೂರಿನ ಆ ದ್ವೀಪ ದೂರದ ಮಂಜಿನಲ್ಲಿ ಕಾಣುತ್ತದೆ, ಹತ್ತಿರ ಹೋದರೆ ದೋಣಿ ತಾನೇ ತಿರುಗುತ್ತದೆ. ಅತ್ತೆ ಅದನ್ನು ದಾಟುವಾಗೆಲ್ಲ ಸ್ವಲ್ಪ ನಿಧಾನಿಸಿ, ಅಲ್ಲಿಯ ಮರಗಳನ್ನು ಮೆಚ್ಚಿ, ನೀವ ಇಟಗೊಳ್ರೆಪಾ ಎಂದು ಮುಂದೆ ಹೋಗುತ್ತಾರೆ. ಕೊಂಡುಕೊಡಲೇ ಎಂದು ಮೊಮ್ಮಗಳು ಒಂದು ಸಲ ಕೇಳಿದಳು, ಮತ್ತೆ ಕೇಳಲಿಲ್ಲ.

ಒಂದು ಆಟಕ್ಕೆ ಅಷ್ಟು ಬೆಲೆ ನ್ಯಾಯವೋ ಅಲ್ಲವೋ ನನಗೆ ಪೂರಾ ಬಗೆಹರಿದಿಲ್ಲ. ಆ ದುಡ್ಡಿಲ್ಲದ ಮನೆಯಲ್ಲೂ ಇಂಥದ್ದೇ ಒಂದು ಕೈ ಇರಬಹುದು ಎಂಬುದು ಮನಸ್ಸಿನಲ್ಲಿ ಉಳಿದಿದೆ. ಆದರೆ ಹಲಗೆ ಒಣಗುವುದನ್ನು ಅಷ್ಟು ತಾಳ್ಮೆಯಿಂದ ಮಾಡಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಯುಗಾದಿಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ನಾನು ಅಂಗಳ ಸಾರಿಸಿ ಒಳಗೆ ಬಂದೆ. ಅತ್ತೆ ಒದ್ದೆ ಗೋಣಿತಾಟಿನ ಮುಂದೆ ಕೂತಿದ್ದರು, ಬಾಗಿಲ ಕಡೆ ಮುಖ ಮಾಡಿ. ಬಾಯಿ ಎಣಿಸುತ್ತಿರಲಿಲ್ಲ. ಪಕ್ಕದ ಮನೆಯ ಎಮ್ಮೆ ಈದ ಸುದ್ದಿ ಹೇಳುತ್ತಿದ್ದರು. ಬಲಗೈ ಎಲೆಯ ಮೇಲೆ ಎಲೆ ಕೂರಿಸುತ್ತಿತ್ತು, ಮೊದಲಿಗಿಂತ ನಿಧಾನ. ಒಂದು ಕಡೆ ನಿಂತಿತು. ಆಮೇಲೆ ಮತ್ತೆ ಕೆಲವು ಎಲೆ. ನಾರು ಸುತ್ತಿದರು, ಗಂಟು ಸಡಿಲಾಯಿತು, ಬಿಚ್ಚಿ ಮತ್ತೆ ಹಾಕಿದರು. ಹೆಬ್ಬೆರಳು ಸುತ್ತಿ ಬಂದು ಒತ್ತಿ ಹಿಡಿಯಿತು. ಶಿಗ್ಗಾವಿಯ ಆ ಹುಡುಗನಿಗೆ ಕಳಿಸು, ಅವನ ಅವ್ವ ಎಲೆ ಅಡಿಕೆ ಹಾಕುತ್ತಾರಂತೆ ಎಂದು ಕಟ್ಟನ್ನು ನನ್ನ ಕಡೆ ಚಾಚಿದರು.

ಅಡಿಗೆಮನೆಯಲ್ಲಿ, ಗಂಟು ಕದಲದ ಹಾಗೆ, ತೊಟ್ಟುಗಳ ಮೇಲೆ ಉಗುರು ಆಡಿಸಿ ಎಣಿಸಿದೆ. ನೂರಾ ಆರು ಇದ್ದವು. ಕೈ ತಪ್ಪಿತೋ, ಬೇಕೆಂದೇ ಒಂದು ಹೆಚ್ಚಿಗೆ ಇಟ್ಟರೋ ಎಂದು ಕೇಳಲು ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗಳ ಬ್ಯಾಗಿನಲ್ಲಿ, ಪುಸ್ತಕಕ್ಕೆ ತಾಗದಂತೆ ಇಟ್ಟೆ.